ಪ್ರಿನ್ಸಿಪಾಲರ ಮನೆಯ ಚಹಾದ ಬಣ್ಣ

1979ನೇ ಇಸವಿ. ನಾನಾಗ ಬಾಗಲಕೋಟೆಯ ವಿದ್ಯಾಗಿರಿಯಲ್ಲಿ ಬಿ.ಎ. ಎರಡನೇ ವರ್ಷ ಓದುತ್ತಿದ್ದೆ. ಓದುತ್ತಿದ್ದೆ ಎಂಬುದು ಊರಲ್ಲಿ ಅಪ್ಪನಿಗೆ ಹೇಳುತ್ತಿದ್ದ ಮಾತು. ನಿಜವಾಗಿ ಮಾಡುತ್ತಿದ್ದುದು ಕಂಡವರ ದನಿ ಕದಿಯುವ ಕೆಲಸ. ಬಸ್ ಕಂಡಕ್ಟರ್, ಹಾಸ್ಟೆಲಿನ ಅಡುಗೆಯವನು, ಕೆಮ್ಮುವ ನನ್ನ ಸೋದರಮಾವ, ಯಾರೂ ನನ್ನಿಂದ ಪಾರಾಗಿರಲಿಲ್ಲ. ಹಿಂದಿನ ವರ್ಷದ ಗ್ಯಾದರಿಂಗಿನಲ್ಲಿ, ಅಂದರೆ ಕಾಲೇಜಿನ ವಾರ್ಷಿಕೋತ್ಸವದಲ್ಲಿ, ನಮ್ಮ ಪ್ರಿನ್ಸಿಪಾಲರ ದನಿಯನ್ನೂ ಮಾಡಿಬಿಟ್ಟೆ. ಅವರು ಮಾತಿಗೊಮ್ಮೆ “ಅಂದ್ರ ಏನಾತು?” ಎಂದು ಕೇಳಿ, ಉತ್ತರಕ್ಕೆ ಕಾಯದೆ ತಾವೇ ಹೇಳುವವರು. ಸಭೆಯೆಲ್ಲ ಬಿದ್ದು ಬಿದ್ದು ನಕ್ಕಿತು, ಮುಂದಿನ ಸಾಲಿನ ನಡು ಕುರ್ಚಿಯೊಂದನ್ನು ಬಿಟ್ಟು. ಮರುದಿನವೇ ಅಪ್ಪಣೆಯಾಯಿತು: “ಈ ಹುಡುಗ ಇನ್ನ ಸ್ಟೇಜ್ ಹತ್ತೂ ಹಂಗಿಲ್ಲ.”

ನನ್ನಂಥವನನ್ನು ಸ್ಟೇಜಿನಿಂದ ದೂರ ಇಡುವುದೂ ಒಂದೇ, ಬಾಯಿಗೆ ಬೀಗ ಹಾಕುವುದೂ ಒಂದೇ. ವರ್ಷವಿಡೀ ಒಳಗೊಳಗೇ ಕುದಿದೆ.

ಈ ಸಲ ಕಾಲೇಜ್ ಹಾಲ್‌ನ ಸ್ಟೇಜಿಗೆ ಹೊಸದಾಗಿ ಸಾಗವಾನಿ ಹಲಗೆ ಹಾಕಿಸಿದ್ದರು. ಬಡಿಗ ಹಲಗೆ ಜೋಡಿಸಿ, ತಿಕ್ಕಿ ನುಣುಪು ಮಾಡಿ, ಮನೆಯಲ್ಲಿ ಮದುವೆ ಎಂದು ಊರಿಗೆ ಹೋದ. ನೆಲ ಆಗಷ್ಟೇ ಬೋಳಿಸಿದ ತಲೆಯಂತೆ ಕಾಣುತ್ತಿತ್ತು. ಗ್ಯಾದರಿಂಗ್ ಮುಂದಿನ ವಾರ. ಬಣ್ಣ ಹಚ್ಚುವವರು ಯಾರು ಎಂದು ಪ್ರಿನ್ಸಿಪಾಲರು ಕ್ಲಾಸಿಗೆ ಬಂದು ಕೇಳಿದಾಗ ನನ್ನ ಗೆಳೆಯ ಬಸು ಎದ್ದು ನಿಂತ.

“ಸರ್, ಇವರಪ್ಪ ಇಳಕಲ್ಲಾಗ ಸೀರಿ ನೂಲಿಗೆ ಬಣ್ಣಾ ಹಾಕ್ತಾರ್ರಿ. ಇವನ ರಕ್ತದಾಗ ಬಣ್ಣ ಐತ್ರಿ.”

ಪ್ರಿನ್ಸಿಪಾಲರು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. “ಬರ್ತೈತೇನಪಾ?”

“ಬರ್ತೈತ್ರಿ ಸರ್. ಆದ್ರ ಹಚ್ಚಾಕ ಸ್ಟೇಜ್ ಹತ್ತಬೇಕಾಗ್ತೈತ್ರಿ.”

“ಬಣ್ಣ ಛಲೋ ಬಂತಂದ್ರ ಗ್ಯಾದರಿಂಗ್ ದಿನಾನೂ ಹತ್ತು. ಕೆಟ್ಟಿತೋ, ಕಾಲೇಜ್ ಮುಗಿಯೂತನಾ ಕೆಳಗ ಕುಂತು ಚಪ್ಪಾಳಿ ಬಡಿ. ಅಂದ್ರ ಏನಾತು? ನಿನ್ನ ಬಾಯಿ ನಿನ್ನ ಕೈಯಾಗ ಐತಿ.”

ಬಣ್ಣ ಯಾವುದು ಎಂದರೆ “ಚಾದ ಬಣ್ಣ” ಎಂದರು. “ಯಾರ ಮನೀ ಚಾರೀ ಸರ್?” ಎಂದು ಕೇಳಿದೆ. ಕುಚೇಷ್ಟೆಯಲ್ಲ. ಹಾಸ್ಟೆಲಿನ ಚಹಾ ಹಳ್ಳದ ನೀರಿನ ಬಣ್ಣ, ಬಸ್‌ಸ್ಟ್ಯಾಂಡಿನದು ಕಾಡಿಗೆ. ಅವರು ಕಾಲೇಜಿನ ಸಿಪಾಯಿಯನ್ನು ಕಳಿಸಿ ತಮ್ಮ ಮನೆಯಿಂದಲೇ ಒಂದು ಕಪ್ ತರಿಸಿ, ಸ್ಟೇಜಿನ ಮೇಲೆ ಇಡಿಸಿದರು. “ಇದನ್ನ ನೋಡಿ ಮಾಡು. ಇದಕ್ಕಿಂತ ಹೆಚ್ಚಿಲ್ಲ, ಕಮ್ಮಿ ಇಲ್ಲ.”

ಕಂದು ಪುಡಿ, ಕೆಂಪು ಪುಡಿ ತಂದು ಬಿಸಿನೀರಿನಲ್ಲಿ ಕಲಸಿದೆ. ಇಳಕಲ್ಲಿನ ಕೈ, ಕೆಂಪು ತುಸು ಧಾರಾಳವಾಗಿಯೇ ಬಿತ್ತು. ಹಲಗೆಯ ಚೂರೊಂದಕ್ಕೆ ಹಚ್ಚಿ ಒಣಗಿಸಿದೆ. “ಒದ್ದಿ ನೂಲ ನಂಬಬ್ಯಾಡ, ಒಣಗಿದ ಮ್ಯಾಲೆ ಕಾಣೂದ ಖರೆ ಬಣ್ಣ” ಎಂದು ಅಪ್ಪ ಕಲಿಸಿದ್ದ. ಒದ್ದೆಯಿದ್ದಾಗ ಕೆಂಪಗಿದ್ದ ಚೂರು ಒಣಗಿದ ಮೇಲೆ ತದ್ವತ್ ಚಹಾ! ನಾನು ಬಟ್ಟೆ ಅದ್ದಿ ಕಟ್ಟಿಗೆಯ ಎಳೆಗುಂಟ ಹಚ್ಚುತ್ತ ಹೋದೆ. ಬಸು ಹಿಂದಿನಿಂದ ಹೆಚ್ಚಾದದ್ದನ್ನು ಒರೆಸುತ್ತ ಬಂದ. ಒಣಗಿದ ನೆಲವನ್ನು ಪ್ರಿನ್ಸಿಪಾಲರು ನೋಡಿ “ಹೂಂ” ಎಂದರು. ಆ “ಹೂಂ” ಅನ್ನು ಹಾಸ್ಟೆಲಿನಲ್ಲಿ ಕೇಳಿದವರಿಗೆಲ್ಲ ಮಾಡಿ ತೋರಿಸಿದೆ.

ಮರುದಿನ ಹಿಂಬದಿಯ ಮೂಲೆಯಿಂದ ಅರಗಿನ ಪಾಲಿಶ್ ಶುರು ಮಾಡಿದೆ. ಮೊದಲ ಕೈ ಎಳೆಯುತ್ತಲೇ ಚಹಾ ಮಾಯವಾಗಿ, ಇಳಕಲ್ ಸೀರೆಯ ಸೆರಗಿನ ಕೆಂಪು ಎದ್ದು ಬಂತು. ಒಣಗಲಿ ಎಂದು ಕಾದೆವು. ಪಾಲಿಶ್ ಒಣಗಿತು, ಕೆಂಪು ಹೋಗಲಿಲ್ಲ.

“ಲೇ, ಪ್ರಿನ್ಸಿಪಾಲರ ಚಾದಾಗ ನಿಮ್ಮವ್ವನ ಸೆರಗ ಬಿತ್ತಲೇ!” ಎಂದ ಬಸು.

ನನಗೆ ನಗು ಬರಲಿಲ್ಲ. ಹಾಗೆ ಆಗುವುದು ಅಪರೂಪ. ತಲೆ ಹಿಡಿದು ಕುಳಿತಾಗ ಹೊಳೆಯಿತು: ಸೀರೆಯನ್ನು ಒಣಗಿಸಿ ಉಡುತ್ತಾರೆ, ಪಾಲಿಶ್ ಮಾಡಿದ ಕಟ್ಟಿಗೆ ಮಾತ್ರ ಜನ್ಮವಿಡೀ ಒದ್ದೆಯಾದಂತೆಯೇ ಕಾಣುತ್ತದೆ. ಅಪ್ಪನ ಮಾತು ನೂಲಿಗೆ ಖರೆ, ಕಟ್ಟಿಗೆಗೆ ತಿರುವುಮುರುವು. ನಾನು ನೋಡಬೇಕಾಗಿದ್ದದ್ದು ಒದ್ದೆ ಬಣ್ಣವನ್ನೇ.

ನೀರಿನಲ್ಲಿ ಕಲಸಿದ ಬಣ್ಣವಾದ್ದರಿಂದ ಬಿಸಿನೀರಿನ ಬಟ್ಟೆಯಿಂದ ತಿಕ್ಕಿ ತಿಳಿ ಮಾಡಬಹುದಿತ್ತು. ಆದರೆ ಅಷ್ಟು ದೊಡ್ಡ ಸ್ಟೇಜು, ನಾವಿಬ್ಬರು. ನಾನು ಕರೆದರೆ ಹಾಸ್ಟೆಲಿನ ನಾಯಿಯೂ ಬರುವುದಿಲ್ಲ. ಅದಕ್ಕೇ ಆ ರಾತ್ರಿ ಹಾಸ್ಟೆಲಿನ ಕಿಟಕಿಯ ಹೊರಗೆ ಮರೆಯಲ್ಲಿ ನಿಂತು ಪ್ರಿನ್ಸಿಪಾಲರ ದನಿ ತೆಗೆದೆ: “ಏನ್ರಪಾ, ಮಲಗೀರೇನು? ಅಂದ್ರ ಏನಾತು? ಎಲ್ಲಾರೂ ಬಕೀಟ ಹಿಡಕೊಂಡು ಹಾಲಿಗೆ ಬರ್ರಿ!”

ಇಡೀ ಹಾಸ್ಟೆಲು ಎದ್ದು ಓಡಿ ಬಂತು. ಒಬ್ಬನಂತೂ ಹಾಲು ಹಂಚುತ್ತಾರೆಂದು ತಂಬಿಗೆ ತಂದಿದ್ದ. ನಾನು ಪರದೆಯ ಹಿಂದಿನಿಂದ ಅದೇ ದನಿಯಲ್ಲಿ, “ಎಳಿ ಹಿಡದು ತಿಕ್ರಿ! ಅಡ್ಡ ತಿಕ್ಕಬ್ಯಾಡ್ರಿ!” ಎಂದು ಕೂಗುತ್ತಿದ್ದೆ. ಕೆಲಸ ರಂಗೇರಿದಾಗ ಹಾಲೆಲ್ಲ ಒಮ್ಮೆಲೇ ಗಪ್ಪಾಯಿತು. ಪರದೆ ಸರಿಸಿ ನೋಡಿದೆ. ಬಾಗಿಲಲ್ಲಿ ಖರೇ ಪ್ರಿನ್ಸಿಪಾಲರು.

“ಇವರನ್ನೆಲ್ಲಾ ಯಾರ್ ಕರದ್ರು?”

ಬಸು ಕೈಕಟ್ಟಿ ನಿಂತು ಹೇಳಿದ: “ನೀವ ಕರದ್ರಲ್ಲರೀ ಸರ್. ನಾ ಕಿವಿಯಾರೆ ಕೇಳೇನ್ರಿ.”

ಅವರು ನೆಲ ನೋಡಿದರು, ಹುಡುಗರ ಒದ್ದೆ ಬಟ್ಟೆ ನೋಡಿದರು, ಕೊನೆಗೆ ನನ್ನನ್ನು ನೋಡಿದರು.

“ನಾ ಕರದೀನಿ ಅಂದಮ್ಯಾಲೆ ಕೆಲಸ ಅರ್ಧಕ್ಕ ಬಿಡಬ್ಯಾಡ್ರಿ,” ಎಂದು ತಿರುಗಿ ಹೊರಟರು. ಹೋಗುವಾಗ ಅವರ ಹೆಗಲು ಕುಣಿಯುತ್ತಿದ್ದವು.

ಮೂಲೆಯ ಪಾಲಿಶನ್ನು ಸ್ಪಿರಿಟ್ಟಿನಿಂದ ತೆಗೆದೆವು. ನೆಲವೆಲ್ಲ ಒಣಗಿದ ಮೇಲೆ ಮತ್ತೆ ತಿಕ್ಕಿ ನುಣುಪು ಮಾಡಿದೆವು. ಈ ಸಲ ಕೆಂಪನ್ನು ಚಿಟಿಕೆಯಷ್ಟೇ ಹಾಕಿ, ಒಣಗಿದ ಚೂರಿನ ಮೇಲೆ ಹನಿ ನೀರು ಬಿಟ್ಟು, ಆ ಒದ್ದೆ ಕಲೆಯನ್ನು ಮತ್ತೆ ತರಿಸಿದ ಚಹಾದ ಕಪ್ಪಿನ ಪಕ್ಕದಲ್ಲಿ ಹಿಡಿದು ನೋಡಿಯೇ ನೆಲಕ್ಕೆ ಕೈಹಚ್ಚಿದೆ. ಪಾಲಿಶ್ ಮುಗಿದಾಗ ಪ್ರಿನ್ಸಿಪಾಲರು ಬಂದು ಬಗ್ಗಿ ನೆಲ ನೋಡಿದರು, ಕಪ್ ನೋಡಿದರು, ಚಹಾ ಎತ್ತಿ ಒಂದೇ ಗುಟುಕಿಗೆ ಕುಡಿದರು.

“ಹತ್ತಪಾ,” ಎಂದರು.

ಗ್ಯಾದರಿಂಗಿನ ದಿನ ದೀಪದ ಬೆಳಕಿಗೆ ನೆಲ ಮಿರಿಮಿರಿ ಮಿಂಚುತ್ತಿತ್ತು. ಚಪ್ಪಲಿ ಬಿಟ್ಟು ಹತ್ತಿದೆ. ಎಲ್ಲರ ದನಿ ಮಾಡಿದೆ, ಪ್ರಿನ್ಸಿಪಾಲರದನ್ನು ಅವರೇ ಕೂಗಿ ಕೇಳಿ ಮಾಡಿಸಿದರು. ಕೊನೆಗೆ ಒಂದು ಮಾತನ್ನು ನನ್ನ ಸ್ವಂತ ದನಿಯಲ್ಲಿ ಹೇಳಿದೆ: “ಈ ನೆಲಕ್ಕ ಬಣ್ಣಾ ಹಚ್ಚಿದಾಂವ ನಾನ.”

ಹಿಂದಿನ ಸಾಲಿನಿಂದ ಯಾರೋ ಒದರಿದ: “ಇದ್ಯಾರ ದನೀಲೇ? ಬರೋಬರಿ ಬರಲಿಲ್ಲ!”

ಹಾಲಿನ ಚಾವಣಿ ಹಾರಿಹೋಗುವಷ್ಟು ಚಪ್ಪಾಳೆ ಬಿತ್ತು. ಆಮೇಲೂ ಎಷ್ಟೋ ಕಡೆ ಚಪ್ಪಾಳೆ ಸಿಕ್ಕಿದೆ. ಆದರೆ ಮಿಮಿಕ್ರಿಗೆ ಬೀಳುವ ಚಪ್ಪಾಳೆಯಲ್ಲಿ ಅರ್ಧ ಆ ದನಿಯ ಒಡೆಯನದು. ಅಂದು ನನ್ನ ಕಾಲ ಕೆಳಗಿನ ನೆಲಕ್ಕೆ ಬಿದ್ದದ್ದು ಮಾತ್ರ ಪೂರ್ತಿ ನನ್ನದು ಎಂದು ಈಗಲೂ ಬೀಗುತ್ತೇನೆ. ಬಸುವನ್ನು ಕೇಳಿದರೆ ಅದರಲ್ಲೂ ಅರ್ಧ ತನ್ನದೆನ್ನುತ್ತಾನೆ. ನೀವು ಕೇಳಲು ಹೋಗಬೇಡಿ.