ಪಾಸ್ ಎಂಬ ಮಾತು, ಅಕ್ಕನ ಹೆಜ್ಜೆ

ಪಾಸ್ ಎಂಬ ಮಾತು ನಮ್ಮ ಅಜ್ಜಂಪುರಕ್ಕೆ ರೈಲಿನ ಜೊತೆಗೇ ಬಂದಿತೆಂದು ನನ್ನ ಎಣಿಕೆ. ನಿಲ್ಲದೆ ಹೋದ ಗೂಡ್ಸ್ ಗಾಡಿಯನ್ನು ಪಾಸಾಯಿತು ಎನ್ನುತ್ತಿದ್ದರು. ರೈಲ್ವೆ ನೌಕರನ ಹೆಂಡತಿ ತನಗೆ ಬೀರೂರಿನವರೆಗೆ ಪಾಸಿದೆಯೆಂದು ಬಾವಿಕಟ್ಟೆಯಲ್ಲಿ ಹೇಳಿಕೊಳ್ಳುತ್ತಿದ್ದಳು. ಲೋವರ್ ಸೆಕೆಂಡರಿ ಪರೀಕ್ಷೆ ಮುಗಿಸಿದವನು ಸಾಯುವವರೆಗೂ ಪಾಸಾದವನೇ. ಅಮಲ್ದಾರರು ಒಪ್ಪಿದ ಅರ್ಜಿಯೂ ಪಾಸು. ಹೋರಿಗಳನ್ನು ಆರಿಸುವಾಗ ಹಸಿ ನೆಲದ ಮೇಲೆ ನಡೆಸುತ್ತಿದ್ದರು. ಮುಂಗಾಲಿನ ಗುರುತನ್ನು ದಾಟಿ ಹಿಂಗಾಲು ಬಿದ್ದರೆ ಹೋರಿ ಪಾಸು. ಇವುಗಳಲ್ಲಿ ಯಾವುದಕ್ಕೂ ನನ್ನ ತಕರಾರಿಲ್ಲ. ತಕರಾರಿರುವುದು ತರೀಕೆರೆಯ ಒಬ್ಬ ಕೊಬ್ಬರಿ ವ್ಯಾಪಾರಿ ಅದನ್ನು ಬಳಸಿದ ರೀತಿಗೆ.

ನನ್ನ ಅಕ್ಕನನ್ನು ನೋಡಲು ಬಂದಿದ್ದ ವರನಿಗೆ ಆತ ಸೋದರಮಾವ. ಹೆಣ್ಣನ್ನು ನಾಲ್ಕು ಹೆಜ್ಜೆ ನಡೆಸಿ ನೋಡುವುದು ಆಗಿನ ಪದ್ಧತಿಯೇ, ಕುಂಟುತನವಿದ್ದರೆ ತಿಳಿಯಲೆಂದು. ಅಕ್ಕ ನಡೆದಳು. ಆತನಿಗೆ ಅಷ್ಟು ಸಾಲಲಿಲ್ಲ. ಕಾಲಿಗೆ ನೀರು ಹಾಕಿಕೊಂಡು ಬರಲು ಹೇಳಿದರು.

"ಇನ್ನೊಂದ್ಸಲ ನಡಿಯಮ್ಮ, ಸರಿಯಾಗಿ ಕಾಣ್ಲಿಲ್ಲ."

ನಡುಮನೆಯ ಕಲ್ಲುಹಾಸಿನ ಮೇಲೆ ಅಕ್ಕನ ಒದ್ದೆ ಹೆಜ್ಜೆಗಳು ಮೂಡಿದವು. ಆಕೆಯ ಅಂಗಾಲು ಸಪಾಟು, ಹೆಣ್ಣಿಗೆ ಅದು ಅಪಶಕುನವೆಂದು ಆಗಿನವರ ನಂಬಿಕೆ. ಗುರುತು ಇಡಿಯಾಗಿ ಬಿದ್ದಿತ್ತು. ಆತ ಊರುಗೋಲಿನ ತುದಿಯಿಂದ ಅದನ್ನು ಮುಟ್ಟಿ ತೋರಿಸಿ, ನಮ್ಮ ತಂದೆಯ ಎದುರಿನಲ್ಲೇ ನಕ್ಕರು.

"ಹೋರಿ ಆಗಿದ್ರೂ ಪಾಸ್ ಮಾಡ್ತಿರ್ಲಿಲ್ಲ ಕಣ್ರೀ."

ಬಂದವರೆಲ್ಲ ನಕ್ಕರು. ಉಪ್ಪಿಟ್ಟನ್ನು ಮಾತ್ರ ಯಾರೂ ಬಿಡಲಿಲ್ಲ. ಆತ ಎರಡನೆಯ ಸಲ ಹಾಕಿಸಿಕೊಂಡರು.

ಆ ಮಾತು ಅವರಿಗಿಂತ ಮೊದಲೇ ತರೀಕೆರೆ ತಲುಪಿತು, ಕಡೂರಿನವರೆಗೂ ಹೋಯಿತು. ಆಮೇಲೆ ಬಂದ ಸಂಬಂಧಗಳೆಲ್ಲ ಕಾಲಿನ ವಿಷಯ ವಿಚಾರಿಸಿ ಹಿಂದೆ ಸರಿದವು. ಕೊನೆಗೆ ಅಂತರಘಟ್ಟೆಯ ಕಡೆಯ ವಯಸ್ಸಾದ ವಿಧುರನೊಬ್ಬನಿಗೆ ಅಕ್ಕನನ್ನು ಕೊಟ್ಟರು. ಕೆಲವೇ ವರ್ಷಗಳಲ್ಲಿ ಆಕೆ ಮಕ್ಕಳಿಲ್ಲದೆ, ಗಂಡನನ್ನೂ ಕಳೆದುಕೊಂಡು ನಮ್ಮ ಮನೆಗೆ ಹಿಂದಿರುಗಿದಳು. ಆ ನಡುಮನೆಯನ್ನು ದಿನವೂ ಒರೆಸುವ ಕೆಲಸವನ್ನು ಆಕೆಯೇ ವಹಿಸಿಕೊಂಡಳು. ಯಾಕೆಂದು ನಾನು ಕೇಳಲಿಲ್ಲ. ಆದರೆ ಆ ವ್ಯಾಪಾರಿಯ ಮಾತಿಗೆ ಉತ್ತರ ಕೊಡದೆ ಸಾಯಬಾರದೆಂದು ನಿಶ್ಚಯಿಸಿದೆ.

ನನ್ನ ಮಗ ಮದುವೆಯ ವಯಸ್ಸಿಗೆ ಬಂದಾಗ ಅದೇ ವ್ಯಾಪಾರಿ ತಮ್ಮ ಮೊಮ್ಮಗಳ ಸಂಬಂಧ ಹಿಡಿದುಕೊಂಡು ಬಂದರು. ಮುದುಕರಾಗಿದ್ದರು, ನಮ್ಮ ಮನೆಗೆ ಇದೇ ಮೊದಲ ಸಲ ಬರುತ್ತಿರುವವರಂತೆ ತೊಲೆ ಕಂಬಗಳನ್ನು ಹೊಗಳಿದರು. ಅವರಿಗೆ ಏನೂ ನೆನಪಿರಲಿಲ್ಲ. ಮೊದಲ ಅಪರಾಧವನ್ನಾದರೂ ಕ್ಷಮಿಸಿಯೇನು, ಈ ಮರೆವನ್ನು ಕ್ಷಮಿಸಲಾರೆ.

ಬಾಗಿಲಲ್ಲಿ ನೀರು ಕೊಡಿಸಿದೆ. ಕಾಲು ತೊಳೆದು ಒಳಗೆ ಬಂದರು. ಕೂರುವ ಮೊದಲೇ ತಡೆದೆ.

"ಇನ್ನೊಂದ್ಸಲ ನಡೀರಿ ಯಜಮಾನ್ರೇ, ಸರಿಯಾಗಿ ಕಾಣ್ಲಿಲ್ಲ."

ಆತ ನಗಲು ಹೊರಟು, ನನ್ನ ಮುಖ ನೋಡಿ ನಿಲ್ಲಿಸಿದರು. ಅಡುಗೆಮನೆಯ ಬಾಗಿಲಲ್ಲಿ ಅಕ್ಕ ಬಂದು ನಿಂತಿದ್ದಳು. ಅವರ ದೃಷ್ಟಿ ಆಕೆಯ ಮುಖದಿಂದ ಪಾದಕ್ಕೆ ಇಳಿಯಿತು, ಆಗ ನೆನಪಾಯಿತು. ಮೊಮ್ಮಗಳ ಮದುವೆ ಆಗಬೇಕಿತ್ತು. ಬಾಗಿಲಿನವರೆಗೆ ಹೋಗಿ, ಮತ್ತೆ ಕಾಲಿಗೆ ನೀರು ಹಾಕಿಕೊಂಡು, ಗೋಡೆ ಹಿಡಿದು ನಡೆದರು.

ತೀರ್ಪನ್ನು ನಾನು ಅಕ್ಕನಿಗೆ ಬಿಟ್ಟಿದ್ದೆ. ಆಕೆ ಹೆಜ್ಜೆಗಳನ್ನು ಸಾವಕಾಶವಾಗಿ ನೋಡಿದಳು.

"ಹುಡ್ಗಿ ಕಾಲು ನಾವು ನೋಡಲ್ಲ ಕಣೋ, ಅವಳು ಬರ್ಲಿ. ಈ ಕಾಲು ಮಾತ್ರ ಇನ್ನು ನಮ್ಮ ಹೊಸ್ಲು ದಾಟ್ಬಾರ್ದು."

ನಂತರ ಒದ್ದೆ ಬಟ್ಟೆ ತಂದು ಅವರ ಕಣ್ಣೆದುರಿಗೇ ನೆಲ ಒರೆಸಿದಳು.

ಮದುವೆ ಆಯಿತು, ಷರತ್ತು ಸಡಿಲವಾಗಲಿಲ್ಲ. ಸೊಸೆಯನ್ನು ಮನೆ ತುಂಬಿಸಿಕೊಂಡ ದಿನ ಆತ ಜಗಲಿಯ ಮೇಲೆ ಕೂತಿದ್ದರು. ಆಮೇಲೆಯೂ ಬಂದಾಗಲೆಲ್ಲ ಅಲ್ಲೇ. ಒಳ್ಳೆಯ ಚಾಪೆ ಹಾಸಿಸುತ್ತಿದ್ದೆ, ಇಂಗಿನ ಒಗ್ಗರಣೆ ಕೊಟ್ಟ ಮಜ್ಜಿಗೆ ಕಳಿಸುತ್ತಿದ್ದೆ. ಉಪಚಾರದಲ್ಲಿ ಲೋಪವಾಯಿತೆಂದು ತರೀಕೆರೆಯಲ್ಲಿ ಹೇಳುವಂತಿರಬಾರದು. ಮಳೆ ಬಂದರೆ ಚಾಪೆಯನ್ನು ಗೋಡೆಯ ಹತ್ತಿರಕ್ಕೆ ಸರಿಸಲು ಅನುಮತಿಯಿತ್ತು.

ಅವರ ಮರಿಮಗ ಹೆಜ್ಜೆ ಇಡಲು ಕಲಿತದ್ದು ಆ ನಡುಮನೆಯಲ್ಲೇ. ಆತ ಹೊಸ್ತಿಲ ಆಚೆಯಿಂದ ಕತ್ತು ಚಾಚಿ ನೋಡುತ್ತಿದ್ದರು. ಒಳಗೆ ಮಗುವಿನ ಎರಡೂ ಕೈ ಹಿಡಿದು, ಅವಸರವಿಲ್ಲದೆ ನಡೆಸುತ್ತಿದ್ದವಳು ನನ್ನ ಅಕ್ಕ.