ಹಗುರ ಬ್ಯಾಟರಿ ಬಂದ ದಿನ

ಮೈಕಟ್ಟು ಚಿಕ್ಕದೆಂದು ಅವಳನ್ನು ಎಲ್ಲರೂ ಗುಬ್ಬಿ ಎನ್ನುತ್ತಿದ್ದರು. ಅವಳ ಅಣ್ಣ ತನ್ನ ಶೆಡ್ಡಿನಲ್ಲಿ ಗುಡ್ಡ ಹತ್ತುವ ಎಲೆಕ್ಟ್ರಿಕ್ ಡರ್ಟ್ ಬೈಕ್ ಮಾಡುತ್ತಿದ್ದ. ಬ್ಯಾಟರಿಯೋ ಹೆಣಭಾರ. ದಪ್ಪಗಿನವರು ಕೂತರೆ ಗಾಡಿ ಅರ್ಧ ಏರಿನಲ್ಲೇ ಕೈಕೊಡುತ್ತಿತ್ತು. ಅದಕ್ಕೇ ಕೊಳ್ಳುವವರು ಬಂದಾಗಲೆಲ್ಲ ಓಡಿಸಿ ತೋರಿಸುವ ಕೆಲಸ ತಂಗಿಯದು.

"ನೀನು ಒಂದು ಗ್ರಾಮೂ ಜಾಸ್ತಿ ಆಗ್ಬಾರ್ದು. ಮುಂದೆ ಬ್ಯಾಟರಿ ಹಗುರ ಆಗತ್ತೆ, ಆಮೇಲೆ ಹೊಟ್ಟೆ ತುಂಬ ತಿನ್ನು," ಎನ್ನುತ್ತಿದ್ದ ಅಣ್ಣ. ಅವಳು ಹೊಟ್ಟೆಗೆ ತಣ್ಣೀರು ಬಟ್ಟೆ ಹಾಕಿಕೊಂಡು ವರ್ಷಗಟ್ಟಲೆ ಗುಡ್ಡ ಹತ್ತಿದಳು. ಒಮ್ಮೆ ಬಿದ್ದು ಹಲ್ಲು ಮುರಿದುಕೊಂಡಳು. ಪಕ್ಕದ ಮನೆಯವಳಾದ ನನಗೆ ಮೈ ಉರಿಯುತ್ತಿತ್ತು. ಬೈದರೆ, "ಮಾತಿಗೆ ತಪ್ಪೋನಲ್ಲ ಕಣೇ ನಮ್ಮಣ್ಣ," ಎಂದು ಆ ಮುರುಕು ಹಲ್ಲಿನಲ್ಲೇ ನಗುತ್ತಿದ್ದಳು.

ಕೊನೆಗೂ ಹೊಸ ಬ್ಯಾಟರಿ ಬಂತು. ಹಳೆಯದನ್ನು ಎತ್ತಲು ಇಬ್ಬರು ಬೇಕಿತ್ತು. ಇದನ್ನು ಅವಳೊಬ್ಬಳೇ ಕಂಕುಳಲ್ಲಿ ಇಟ್ಟುಕೊಂಡು ಕುಣಿದಳು. ಮರುದಿನ ನಮ್ಮ ಮನೆಯಲ್ಲಿ ಎರಡೆರಡು ಸಲ ಬಡಿಸಿಕೊಂಡು ಉಂಡು, ಹೆಲ್ಮೆಟ್ ಹಿಡಿದು ಶೆಡ್ಡಿಗೆ ಹೊರಟಳು. ನಾನೂ ಹಿಂದೆಯೇ ಹೋದೆ.

ಗಾಡಿಯ ಮೇಲೆ ಅವಳ ಅತ್ತಿಗೆಯ ತಮ್ಮ ಕೂತಿದ್ದ, ಆನೆಯಂಥ ಆಳು. ಅವನನ್ನು ಹೊತ್ತುಕೊಂಡೇ ಗಾಡಿ ಗುಡ್ಡದ ನೆತ್ತಿ ಮುಟ್ಟಿತು.

"ನೋಡಿದ್ಯಾ? ಈಗ ಯಾರು ಕೂತ್ರೂ ಏರತ್ತೆ," ಎಂದ ಅಣ್ಣ, ಅವಳ ಕೈಯಿಂದ ಹೆಲ್ಮೆಟ್ ತೆಗೆದುಕೊಳ್ಳುತ್ತ. "ಇನ್ಮೇಲೆ ಅವನೇ ಓಡಿಸ್ತಾನೆ. ನೀನು ಮನೇಲಿ ಆರಾಮಾಗಿ ಹೊಟ್ಟೆ ತುಂಬ ತಿನ್ನು."

ಹೌದು, ಮಾತಿಗೆ ತಪ್ಪಲಿಲ್ಲ, ಪುಣ್ಯಾತ್ಮ.