ಮಾವನ ಬಾಯಲ್ಲಿ ನನ್ನ ಕಾಯಿಲೆ

ಶಿರಾಳಕೊಪ್ಪದ ನಮ್ಮ ಡಾಕ್ಟರು ಮೊದಲೆಲ್ಲ ಕೈ ಹಿಡಿದು ನೋಡದೆ ಒಂದು ಮಾತ್ರೆಯನ್ನೂ ಕೊಡುತ್ತಿರಲಿಲ್ಲ. ತೊಂಬತ್ತರ ದಶಕದಲ್ಲಿ ನಮ್ಮೂರು ಹೊಸಬಾಳೆಯ ಕಿರಾಣಿ ಅಂಗಡಿಗೆ ಎಸ್‌ಟಿಡಿ ಫೋನು ಬಂದ ಮೇಲೆ ಅವರೂ ಪಟ್ಟು ಸಡಿಲಿಸಿದರು. ಗುರುತಿನ ಮನೆಯವರು ಫೋನಿನಲ್ಲೇ ಕಾಯಿಲೆ ಹೇಳಬಹುದು, ಔಷಧಿ ಬಸ್ಸಿನ ಕಂಡಕ್ಟರ ಕೈಲಿ ಬರುತ್ತದೆ. ಗದ್ದೆ ಕೆಲಸ ಬಿಟ್ಟು ಹೋಗುವುದು ತಪ್ಪಿತೆಂದು ಊರಿಗೆ ಊರೇ ಖುಷಿಪಟ್ಟಿತು. ನಾನೂ ಖುಷಿಪಟ್ಟೆ.

ಆಗ ನಾನು ಹೊಸ ಸೊಸೆ. ನನ್ನ ಮುಟ್ಟು ನಿಲ್ಲುತ್ತಲೇ ಇರಲಿಲ್ಲ. ಕೊಡ ಎತ್ತಿದರೆ ಕಣ್ಣು ಕತ್ತಲೆ ಬರುತ್ತಿತ್ತು. ಅತ್ತೆಗೆ ಹೇಳಿದೆ. ಅವರು ಮಾವನಿಗೆ ಹೇಳುವಾಗ ಅದು 'ಹೆಂಗಸರ ತೊಂದರೆ' ಆಯಿತು. ಮಾವ ಅಂಗಡಿಯಲ್ಲಿ ನಾಲ್ಕು ಜನರ ಮುಂದೆ ಫೋನು ಹಿಡಿದಾಗ, "ಸೊಸೆಗೆ ಸ್ವಲ್ಪ ಸುಸ್ತು ರೀ" ಅಷ್ಟೇ ಉಳಿಯಿತು. ಟಾನಿಕ್ ಬಂತು. ಅದು ಮುಗಿದ ಮೇಲೆ ಇನ್ನೊಂದು ಬಾಟಲಿ ಬಂತು. ಗಂಡನಿಗೆ ಹೇಳಿದರೆ, "ಅಪ್ಪ ಫೋನ್ ಮಾಡಿದಾರಲ್ಲ" ಅಂದರು.

ಫೋನು ತಪ್ಪೆಂದು ನಾನು ಇವತ್ತಿಗೂ ಹೇಳುವುದಿಲ್ಲ. ಕಾಯಿಲೆಯವಳನ್ನು ಒಂದು ಮಾತೂ ಕೇಳದೆ ಔಷಧಿ ಕಳಿಸಿದರಲ್ಲ, ಅದನ್ನು ನೆನೆದರೆ ಈಗಲೂ ಮೈ ಉರಿಯುತ್ತದೆ.

ಒಂದು ಮಧ್ಯಾಹ್ನ ಬಚ್ಚಲಲ್ಲಿ ಬಿದ್ದೆ. ಅತ್ತೆ ಎತ್ತಿ ಕೂರಿಸಿ, "ತಡಿ, ಮತ್ತೆ ಫೋನ್ ಮಾಡಿಸ್ತೀನಿ" ಅಂದರು.

"ಬೇಡ, ನಾನೇ ಮಾಡ್ತೀನಿ" ಎಂದು ಗೋಡೆ ಹಿಡಿದುಕೊಂಡು ಹೊರಟೆ. ಮಾವ ಹಿಂದೆಯೇ ಬಂದರು. ಅಂಗಡಿಯಲ್ಲಿ ಜನ ಇದ್ದರು. ಇರಲಿ ಅಂದುಕೊಂಡು ಫೋನು ಹಿಡಿದೆ.

"ಡಾಕ್ಟ್ರೇ, ನಂಗೆ ಸುಸ್ತಲ್ಲ. ಮೂರು ತಿಂಗಳಿಂದ ರಕ್ತ ಹೋಗ್ತಿದೆ. ನಿಲ್ತಾನೇ ಇಲ್ಲ."

ಬೆಲ್ಲ ತೂಗುತ್ತಿದ್ದ ಅಂಗಡಿಯವರು ತಲೆ ತಗ್ಗಿಸಿದರು. ಆ ಕಡೆಯಿಂದ ಡಾಕ್ಟರ ದನಿ ಬಂತು.

"ರಕ್ತದ ವಿಷ್ಯ ನಂಗೆ ಯಾರೂ ಹೇಳೇ ಇಲ್ವಲ್ಲಮ್ಮ. ಇದು ಫೋನಲ್ಲಿ ಆಗೋದಲ್ಲ. ಈಗ್ಲೇ ಹೊರಟು ಬಾ."

ಹೊರಗೆ ಬಂದಾಗ ಮಾವನ ಮುಖ ಕೆಂಪಾಗಿತ್ತು. "ಅಷ್ಟು ಜನದ ಎದ್ರು ಹೇಳೋ ಮಾತೇನಮ್ಮ ಅದು? ಮನೆ ಮರ್ಯಾದೆ ಬೇಡ್ವಾ?"

"ನಾನು ಸತ್ರೆ ಮರ್ಯಾದೆ ಉಳೀತಿತ್ತಾ ಮಾವ?"

ಬಸ್ಸು ಬಂದಾಗ ಕೈ ಅಡ್ಡ ಹಿಡಿದು ನಿಲ್ಲಿಸಿದವರು ಮಾತ್ರ ಮಾವನೇ.

ದವಾಖಾನೆಯಲ್ಲಿ ಡಾಕ್ಟರು ನನ್ನ ಕಣ್ಣಿನ ಕೆಳರೆಪ್ಪೆ ಎಳೆದು ನೋಡಿ, ಎಷ್ಟು ದಿನದಿಂದ ಹೀಗೆ ಎಂದು ಕೇಳಿದರು. ಪಕ್ಕದಲ್ಲಿದ್ದ ಮಾವ ಅಭ್ಯಾಸಬಲದಿಂದ ಬಾಯಿ ತೆರೆದರು.

"ನಾನು ಹೇಳ್ತೀನಿ. ನೀವು ಹೊರಗೆ ಕೂತಿರಿ ಮಾವ" ಅಂದೆ.

ಮಾವ ಎದ್ದು ಹೋದರು.